ಮರಳು ಹೊಲದ ತೆಳುಗೆಂಪು

ಬಿಸಿಲು ಹಿಂದೆ ಸರಿಯಬೇಕಾದ ಕಾಲ ಬಂದಿತ್ತು, ಆದರೆ ಆ ಸಂಗತಿಯನ್ನು ಬಿಸಿಲಿಗೆ ಯಾರೂ ತಿಳಿಸಿದಂತಿರಲಿಲ್ಲ. ದ್ರಾಕ್ಷಿ ಕೊಯ್ಲಿನ ಕೊನೆಯ ದಿನಗಳು. ಎಲೆಗಳ ಮೇಲಿನ ಇಬ್ಬನಿ ಆರುವ ಮೊದಲೇ ಕೊಯ್ಯುವವರು ಸಾಲುಗಳೊಳಗೆ ಇಳಿದಿರುತ್ತಿದ್ದರು. ಕತ್ತರಿಗಳ ಕಚಕ್ ಕಚಕ್, ಗೊಂಚಲು ಬುಟ್ಟಿಗೆ ಬೀಳುವ ಮೆತ್ತನೆಯ ಸದ್ದು, ನಡುವೆ ಯಾರೋ ಯಾರನ್ನೋ ರೇಗಿಸಿದ ನಗು. ಕೆಳಗಿನ ಹೊಲಗಳೆಲ್ಲ ಖಾಲಿಯಾಗಿ, ಮನೆಯ ಹಿಂದಿನ ಎತ್ತರದ ಇಳಿಜಾರು ಮಾತ್ರ ಉಳಿದಿತ್ತು. ಹೆಚ್ಚು ಬಿಸಿಲು ಬೀಳುವುದು ಅಲ್ಲಿಗೇ, ಮನೆಗೆ ಹೆಸರು ತಂದ ದ್ರಾಕ್ಷಿ ಬೆಳೆಯುವುದೂ ಅಲ್ಲೇ. ಸಂಜೆಯಾಗುತ್ತಲೇ ಗುಡ್ಡದ ಆಚೆ ಮೋಡ ಒಟ್ಟುತ್ತಿತ್ತು, ಏನೋ ಮರೆತವರ ಹಾಗೆ ಹೊರಟುಹೋಗುತ್ತಿತ್ತು. ಒಂದು ಜೋರು ಮಳೆ ಬಿದ್ದರೆ ಸಾಕು, ಮಾಗಿದ ಹಣ್ಣಿನ ಸಿಪ್ಪೆ ಬಿರಿದು, ಬೂಷ್ಟು ಹಿಡಿದು, ವರ್ಷದ ದುಡಿಮೆಯೆಲ್ಲ ಬಳ್ಳಿಯಲ್ಲೇ ಕೊಳೆಯುವುದು.

ಆ ಮನೆಯ ಸೊಸೆಗೆ ಇದು ಮೊದಲ ಕೊಯ್ಲು. ಅತ್ತೆ ಮಗಳ ಬಾಣಂತನಕ್ಕೆಂದು ಹೋದವಳು ಇನ್ನೂ ಬಂದಿರಲಿಲ್ಲ. ಹೋಗುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಉಪ್ಪು ಕಡಿಮೆಯಾದ್ರೆ ನಡೆಯುತ್ತೆ, ಊಟ ತಡ ಆದ್ರೆ ನಡೆಯಲ್ಲ. ಮಾವ ಗುಡುಗಿದ್ರೆ ಹೆದರಬೇಡ, ಆ ಮೋಡದಲ್ಲಿ ನೀರಿಲ್ಲ" ಎಂದಿದ್ದಳು. ಅಷ್ಟೇ ಉಪದೇಶ. ವೈನ್ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಆಡಬೇಕು ಎಂದು ಆ ಮನೆಯಲ್ಲಿ ಯಾರಿಗೂ ತೋಚುವುದು ಸಾಧ್ಯವಿರಲಿಲ್ಲ, ಏಕೆಂದರೆ ಆ ಮನೆಯಲ್ಲಿ ಇದ್ದದ್ದು ಒಂದೇ ವೈನ್.

ಅದನ್ನು ಎಲ್ಲರೂ 'ಕರಿಯ' ಎಂದು ಕರೆಯುತ್ತಿದ್ದರು. ಹೆಸರಿಗೆ ಕೆಂಪು ವೈನೇ. ಆದರೆ ಲೋಟದ ಹಿಂದೆ ದೀಪವಿಟ್ಟರೂ ಬೆಳಕು ತೂರುತ್ತಿರಲಿಲ್ಲ. ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿ ಎದ್ದ ಗಟ್ಟಿ ಆಸಾಮಿ. "ನಮ್ಮ ಕರಿಯನ್ನ ಕುಡಿಯೋದಲ್ಲ, ಅಗಿಯೋದು" ಎಂದು ಮಾವ ಎದೆ ಮುಂದೆ ಮಾಡಿ ಹೇಳುತ್ತಿದ್ದ. ಚಳಿಗಾಲದ ಸಂಜೆ ಒಲೆಯ ಪಕ್ಕ ಕೂತು ಕುಡಿದವರು ಅದಕ್ಕೆ ತಲೆದೂಗದೆ ಏಳುತ್ತಿರಲಿಲ್ಲ.

ಕೊಯ್ಲಿನವರಿಗೆ ಮಧ್ಯಾಹ್ನದ ಊಟದ ಜೊತೆ ವೈನ್ ಕೊಡುವುದು ಆ ಕಣಿವೆಯಲ್ಲಿ ಕೂಲಿಯ ಭಾಗವೇ ಆಗಿತ್ತು. ಮಾವ ಕೈ ಬಿಗಿ ಹಿಡಿಯುವವನಲ್ಲ. ಮನೆಯ ಹೆಮ್ಮೆಯನ್ನೇ ಜಗ್ಗಿನಲ್ಲಿ ತುಂಬಿ ಕಳಿಸುತ್ತಿದ್ದ. ಆದರೆ ಈ ಬಿಸಿಲಿಗೆ ಅಡುಗೆಮನೆಯ ಹಲಗೆಯ ಮೇಲಿದ್ದ ಬಾಟಲಿಗಳು ಮುಟ್ಟಿದರೆ ಜ್ವರ ಬಂದ ಮಗುವಿನ ಹಣೆಯ ಹಾಗಿರುತ್ತಿದ್ದವು. ಒಳಗಿನದು ಕುದಿಸಿದ ಕಷಾಯ. ಆ ಮಧ್ಯಾಹ್ನವೂ ಬಾಯಾರಿದವರು ಬೇರೆ ದಾರಿಯಿಲ್ಲದೆ ಕುಡಿದರು. ಕುಡಿದ ಮೇಲೆ ಒಬ್ಬೊಬ್ಬರೇ ಬಳ್ಳಿಯ ನೆರಳಿಗೆ ತೆವಳಿದರು.

ಸೊಸೆ ಖಾಲಿ ಜಗ್ಗು ಹಿಡಿದು ಸಾಲುಗಳ ನಡುವೆ ನಿಂತಳು. ಇಳಿಜಾರಿಗೆ ಇಳಿಜಾರೇ ಮಲಗಿತ್ತು. ಮುಖದ ಮೇಲೆ ಟೋಪಿ, ಎದೆಯ ಮೇಲೆ ಕತ್ತರಿ, ಅರ್ಧ ತುಂಬಿದ ಬುಟ್ಟಿಯ ಮೇಲೆ ಕಣಜಗಳ ಗುಂಯ್. ಗಾಳಿ ಕೂಡ ಎಲ್ಲೋ ಒರಗಿದ ಹಾಗಿತ್ತು. ಯಾರದೋ ಕನಸಿನೊಳಗೆ ತಾನೊಬ್ಬಳೇ ಎಚ್ಚರವಾಗಿ ನಡೆದು ಬಂದುಬಿಟ್ಟೆನೇ ಎಂದು ಅವಳಿಗೆ ಅನ್ನಿಸಿತು. ಜೋರಾಗಿ ಹೆಜ್ಜೆಯಿಟ್ಟರೆ ಕನಸು ಕಂಡವರು ಏಳುತ್ತಾರೆಂಬಂತೆ ಮೆಲ್ಲಗೆ ಮನೆಗೆ ಹಿಂತಿರುಗಿದಳು. ನೆರಳು ಉದ್ದವಾಗುವ ತನಕ ಒಂದು ಕತ್ತರಿಯೂ ಸದ್ದು ಮಾಡಲಿಲ್ಲ.

ಸಂಜೆ ಕೊಯ್ಯುವವರ ಮುಂದಾಳು ಹೆಂಗಸು ಅಡುಗೆಮನೆಯ ಮೆಟ್ಟಿಲ ಹತ್ತಿರ ಬಂದಳು. ಈ ಗುಡ್ಡದಿಂದ ಕೂಗಿದರೆ ಆ ಗುಡ್ಡಕ್ಕೆ ಕೇಳಿಸುವ ದನಿ. ಹಾಗಾಗಿ ಎಲ್ಲರಿಗೂ ಅವಳು ಗಂಟಲಕ್ಕ.

"ತಾಯಿ, ತಪ್ಪು ತಿಳ್ಕೋಬೇಡ. ನಿಮ್ಮ ಕರಿಯ ಬಡಿದು ಮಲಗಿಸ್ತಾನೆ. ಎದ್ದ ಮೇಲೆ ತಲೆಯೊಳಗೆ ಕಮ್ಮಾರನ ಕುಲುಮೆ. ನಾವು ಬುಟ್ಟಿ ಲೆಕ್ಕದವರು, ಮಲಗಿದ್ರೆ ಹೊಟ್ಟೆ ತುಂಬುತ್ತಾ?"

"ಹಾಗಾದ್ರೆ ನೀರು ಕೊಡಲಾ ಅಕ್ಕ?"

"ನೀರು ನಮ್ಮನೆಯಲ್ಲೂ ಇದೆ. ಸೇತುವೆ ಆಚೆ ದೊಡ್ಡ ತೋಟದವರು ಮಧ್ಯಾಹ್ನಕ್ಕೆ ಮಂಜುಗಡ್ಡೆ ಪೆಟ್ಟಿಗೆಯಿಂದ ತಣ್ಣಗಿನ ವೈನ್ ತೆಗೆದು ಕೊಡ್ತಾರಂತೆ. ಕರೀತಾನೂ ಇದಾರೆ. ನಾಳೆ ಒಂದಿನ ನೋಡ್ತೀವಿ."

ಗಂಟಲಕ್ಕ ಗುಟ್ಟಾಗಿ ಹೇಳಿದ್ದೆಂದುಕೊಂಡಿದ್ದಳು. ಕೊಟ್ಟಿಗೆಯಲ್ಲಿದ್ದ ಮಾವನಿಗೂ ಕೇಳಿಸಿತ್ತು. "ಹೋಗೋರನ್ನ ಕಟ್ಟಿಹಾಕೋಕೆ ಆಗುತ್ತಾ" ಎಂದು ಅವನು ಒಳಗಿನಿಂದಲೇ ಗೊಣಗಿದ. ಆದರೆ ಊಟಕ್ಕೆ ಕೂತಾಗ ಅವನ ಕಣ್ಣು ಕಿಟಕಿಯಾಚೆಯ ಮೋಡದ ಮೇಲೇ ಇತ್ತು, ರೊಟ್ಟಿ ತಟ್ಟೆಯಲ್ಲೇ ಇತ್ತು.

ಸೊಸೆಯ ತವರು ಗುಡ್ಡದ ನೆತ್ತಿಯ ಮೇಲಿನ ಊರು. ಅಲ್ಲಿ ಹಾಲು, ಬೆಣ್ಣೆ, ಹಣ್ಣು, ಕೆಟ್ಟೀತು ಅನ್ನಿಸಿದ್ದೆಲ್ಲ ತೊರೆಯ ನೀರಿಗೆ. ಸಿಟ್ಟು ಬಂದ ಮಕ್ಕಳನ್ನೂ ತೊರೆಗೇ ಇಳಿಸುತ್ತಾರೆ ಎಂದು ಗಂಡ ಚೇಷ್ಟೆ ಮಾಡುತ್ತಿದ್ದ. ಅವಳು ಬೇರೆ ಯೋಚಿಸಲಿಲ್ಲ. ಹಿತ್ತಿಲಿನ ಒರತೆಯ ನೀರು ಬಂದು ಬೀಳುವ ಕಲ್ಲುತೊಟ್ಟಿಯಲ್ಲಿ ಕರಿಯನ ಬಾಟಲಿಗಳನ್ನು ಸಾಲಾಗಿ ಮುಳುಗಿಸಿ ಮಲಗಿದಳು. ಬೆಳಗ್ಗೆ ಮುಟ್ಟಿ ನೋಡಿದರೆ ಬೆರಳು ಜುಮ್ಮೆಂದಿತು. ಅವಳಿಗೆ ಖುಷಿ.

ಮಧ್ಯಾಹ್ನ ಗಂಟಲಕ್ಕ ಮೊದಲ ಗುಟುಕು ಕುಡಿದಳು. ಅವಳ ಮುಖ ಕಿವುಚಿದ ಬಟ್ಟೆಯಾಯಿತು.

"ಅಯ್ಯಯ್ಯೋ! ದಾಳಿಂಬೆ ಸಿಪ್ಪೆ ಅಗಿದ ಹಾಗಿದೆಯಲ್ಲೇ! ನಾಲಿಗೆ ಎಲ್ಲಿ ಹೋಯ್ತು ನಂದು?"

"ನಿನ್ನ ನಾಲಿಗೆ ಹೋದ್ರೆ ಊರಿಗೆ ಒಳ್ಳೇದಾಯ್ತು ಬಿಡು" ಎಂದ ಬುಟ್ಟಿ ಹೊರುವವನೊಬ್ಬ. ತಾನೂ ಒಂದು ಗುಟುಕು ಕುಡಿದು, ಮಾತು ಮರೆತು, ಪಕ್ಕಕ್ಕೆ ತಿರುಗಿ ಉಗಿದ. ಒಬ್ಬೊಬ್ಬರೇ ಲೋಟವನ್ನು ನೆಲಕ್ಕಿಟ್ಟರು. ಒಗರು, ಬರೀ ಒಗರು. ಪರಿಮಳದ ಸುಳಿವೇ ಇಲ್ಲ. ಗಂಟಲಕ್ಕ ನಗುತ್ತಲೇ ಹೇಳಿದಳು, ಆದರೆ ತಮಾಷೆಗೆ ಹೇಳಿರಲಿಲ್ಲ: "ನಾಳೆ ಸೇತುವೆ ದಾಟ್ತೀವಿ ತಾಯಿ."

ಮಾವ ಒಂದು ಲೋಟವನ್ನು ಎತ್ತಿ ಮೂಸಿ, ಕೆಳಗಿಟ್ಟ. ಗುಡುಗುತ್ತಾನೆ ಎಂದು ಸೊಸೆ ಕಾದಳು. ಗುಡುಗಲಿಲ್ಲ. "ಕರಿಯನ್ನ ನೀರಲ್ಲಿ ಅದ್ದಿ ಉಸಿರು ಕಟ್ಟಿಸಿಬಿಟ್ಟೆ" ಎಂದ, ಅಷ್ಟೇ. ಗುಡುಗಿದ್ದರೇ ವಾಸಿಯಿತ್ತು.

ಅವಳು ಗಂಟಲಕ್ಕನ ಕೈ ಹಿಡಿದುಕೊಂಡಳು. "ಅಕ್ಕ, ನಾಳೆ ಮಧ್ಯಾಹ್ನದ ಊಟ ಒಂದು ಮುಗಿಸಿ. ಆಮೇಲೂ ಹೋಗ್ತೀನಿ ಅಂದ್ರೆ ಬುಟ್ಟಿ ನಾನೇ ಹೊತ್ತು ಸೇತುವೆವರೆಗೆ ಬಿಟ್ಟು ಬರ್ತೀನಿ."

ಗಂಟಲಕ್ಕ ಅವಳ ಮುಖವನ್ನೇ ನೋಡಿದಳು. "ಹೊಸ ಹುಡುಗಿ. ಇಲ್ಲ ಅನ್ನೋಕೆ ಮನಸ್ಸು ಬರಲ್ಲ. ಆಯ್ತು, ನಾಳೆ ಮಧ್ಯಾಹ್ನದವರೆಗೆ."

ಎಲ್ಲರೂ ಸಾಲಿಗೆ ಹೋದ ಮೇಲೆ ಸೊಸೆ ತೊಟ್ಟಿಯ ಕಟ್ಟೆಯ ಮೇಲೆ ಕೂತು, ಉಳಿದ ಕರಿಯನನ್ನು ಬಾಯಲ್ಲಿಟ್ಟುಕೊಂಡಳು. ನುಂಗಲಿಲ್ಲ. ಒರತೆಯ ನೀರು ಒಂದೇ ಸ್ವರದಲ್ಲಿ ಬೀಳುತ್ತಿತ್ತು, ಕಣ್ಣು ತಾನಾಗಿ ಮುಚ್ಚಿತು. ಬಾಯಿಯ ಬಿಸಿಗೆ ವೈನ್ ನಿಧಾನವಾಗಿ ಮೈ ಸಡಿಲಿಸಿತು. ಎಲ್ಲೋ ದೂರದಲ್ಲಿ ಬಾಗಿಲು ತೆರೆದಂತೆ ಒಣಹಣ್ಣು, ಮರ, ಹೊಗೆ, ಎಲ್ಲ ಒಂದೊಂದಾಗಿ ಬಂದವು. ಅವಳು ಕಣ್ಣು ಬಿಟ್ಟಳು. ತಂಪು ಪರಿಮಳಕ್ಕೆ ನಿದ್ದೆ ಬರಿಸುತ್ತದೆ, ಒಗರನ್ನು ಮಾತ್ರ ಮಸೆದು ಚೂಪು ಮಾಡುತ್ತದೆ. ಕರಿಯನ ಒಗರು ಮೊದಲೇ ಕತ್ತಿಯಂಥದು. ತೊಟ್ಟಿಗೆ ಇಳಿಸುವುದಾದರೆ ಒಗರೇ ಇಲ್ಲದ, ಮೈ ಹಗುರಾದ ಕೆಂಪು ಬೇಕು.

ಅಂಥದ್ದು ಇದ್ದದ್ದು ಒಂದೇ ಕಡೆ. ಅಲ್ಲಿಗೆ ಆ ಮನೆಯವರು ಹೋಗುತ್ತಿರಲಿಲ್ಲ.

ತೋಪಿನಾಚೆಯ ಮರಳು ಹೊಲ ಮಾವನ ತಮ್ಮನ ಪಾಲಿಗೆ ಬಂದದ್ದು. ಪಾಲಾದ ದಿನ ಮಾವ ಬಾಯಿ ತಡೆಯದೆ, "ಆ ಮರಳಲ್ಲಿ ಪಾತ್ರೆ ತೊಳೆದ ನೀರು ಬಿಟ್ಟು ಬೇರೇನೂ ಹುಟ್ಟಲ್ಲ" ಎಂದುಬಿಟ್ಟಿದ್ದ. ತಮ್ಮ ನಕ್ಕು ಸುಮ್ಮನಾದ. ತಮ್ಮನ ಹೆಂಡತಿ ನಗಲಿಲ್ಲ. ಈಗ ತಮ್ಮನಿಲ್ಲ, ಸೊಸೆಗೆ ಚಿಕ್ಕತ್ತೆಯಾದ ಅವಳೇ ಹೊಲ ನೋಡಿಕೊಳ್ಳುತ್ತಾಳೆ. ಮದುವೆ, ಸಾವಿಗೆ ಎರಡು ಮನೆಯವರೂ ಒಂದೇ ಚಪ್ಪರದಡಿ ಕೂರುತ್ತಾರೆ, ಮಾತೂ ಆಡುತ್ತಾರೆ. ಆದರೆ ಮಾವನ ಕಾಲು ಆ ಮರಳನ್ನು ಮತ್ತೆ ಮೆಟ್ಟಿಲ್ಲ.

ಇಳಿಹೊತ್ತಿನಲ್ಲಿ ಸೊಸೆ ಬಂದದ್ದನ್ನು ನೋಡಿ ಚಿಕ್ಕತ್ತೆ ಆಶ್ಚರ್ಯ ತೋರಿಸಲಿಲ್ಲ. ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ಬಾ ಮಗಳೇ. ಕರಿಯನ್ನ ಮುಳುಗಿಸಿದೆಯಂತೆ?"

"ನಿಮಗೆ ಯಾರು ಹೇಳಿದ್ರು ಚಿಕ್ಕತ್ತೆ?"

"ಗಂಟಲಕ್ಕ ಯಾರಿಗೋ ಹೇಳ್ತಿದ್ಲು. ನಾನು ಇಲ್ಲಿ ಬಟ್ಟೆ ಒಣಗಿಸ್ತಿದ್ದೆ."

ಇಬ್ಬರೂ ನಕ್ಕರು. ನಗುತ್ತಲೇ ಸೊಸೆಗೆ ಅಳು ಬಂತು. ಚಿಕ್ಕತ್ತೆ ಅದನ್ನು ನೋಡಿಯೂ ನೋಡದವಳಂತೆ ನೆಲಮಾಳಿಗೆಯ ಮೆಟ್ಟಿಲಿಳಿದಳು. ಒಳಗೆ ಒದ್ದೆ ಕಲ್ಲಿನ ವಾಸನೆ, ಮೇಲಿನ ಕಿಂಡಿಯಿಂದ ಬೀಳುವ ಒಂದು ಕೋಲು ಬೆಳಕು. ಮೂರು ಪೀಪಾಯಿಗಳಿಂದ ಮೂರು ಲೋಟ ಬಗ್ಗಿಸಿ ಬೆಳಕಿಗೆ ಅಡ್ಡ ಇಟ್ಟಳು. ಸೊಸೆ ತನ್ನ ಬೆರಳನ್ನು ಲೋಟದ ಹಿಂದಿಟ್ಟು ನೋಡಿದಳು. ಉಗುರಿನ ಗೆರೆಯೂ ಕಾಣುತ್ತಿತ್ತು. ಮುಳುಗುವ ಹೊತ್ತಿನ ಆಕಾಶವನ್ನು ಯಾರೋ ನೀರಲ್ಲಿ ಅದ್ದಿ ಹಿಂಡಿದ ಹಾಗಿತ್ತು ಬಣ್ಣ.

"ಕಣ್ಣು ಅರ್ಧ ಹೇಳುತ್ತೆ, ಉಳಿದರ್ಧ ನಾಲಿಗೆ. ಕುಡಿದು ನಾಲಿಗೆನ ಅಂಗುಳಕ್ಕೆ ಒತ್ತು. ಅಂಟಿಕೊಳ್ತೋ, ಜಾರ್ತೋ?"

ಮೊದಲಿನದು ಜಾರಿತು. ಆದರೆ ಹಿಂದೆಯೇ ಹುಳಿ ಓಡಿಬಂತು.

"ಅದು ಹಿಂಡದೆ ತಾನಾಗಿ ಇಳಿದ ರಸ, ತೀರ ತೆಳು. ತಣ್ಣಗೆ ಮಾಡಿದ್ರೆ ಹುಳಿ ಬಿಟ್ಟು ಏನೂ ಉಳಿಯಲ್ಲ. ಮುಂದಿನದು."

ಎರಡನೆಯದು ಕರಿಯನ ಚಿಕ್ಕ ತಮ್ಮನಂತೆ ಅಂಗುಳಕ್ಕೆ ಅಂಟಿತು. "ಕೊನೆಗೆ ಬಿಗಿಯಾಗಿ ಹಿಂಡಿದ್ದು. ಸಿಪ್ಪೆ ಬೀಜದ ಒಗರೆಲ್ಲ ಅದರಲ್ಲೇ. ಚಳಿ ಬರೋವರೆಗೆ ಅದನ್ನ ಎಬ್ಬಿಸಬಾರದು."

ಸೊಸೆ ಮೂರನೆಯದನ್ನು ಕುಡಿದಳು. ಮಳೆ ನಿಂತ ಮೇಲೆ ಹಣ್ಣಿನ ಪೊದೆಯ ಪಕ್ಕ ನಡೆದು ಹೋದ ಹಾಗಾಯಿತು. ನಾಲಿಗೆ ಒತ್ತಿದಳು. ಒದ್ದೆ ಬಂಡೆಯ ಮೇಲೆ ಕಾಲು ಜಾರಿದಂತೆ ಜಾರಿತು.

"ಇದು" ಎಂದಳು.

"ಹೂಂ. ಇದೇ. ಆದ್ರೆ ರಾತ್ರಿಯೆಲ್ಲ ನೀರಲ್ಲಿ ಇಡಬೇಡ, ಇವಳ ಪರಿಮಳಾನೂ ಮಲಗಿಬಿಡುತ್ತೆ. ಸಾರು ಒಲೆ ಮೇಲೆ ಇಟ್ಟಾಗ ತೊಟ್ಟಿಗೆ ಇಳಿಸು, ಸಾರು ಇಳಿಸಿದಾಗ ತೆಗಿ. ಕೈಗೆ ತಣ್ಣಗೆ ಅನ್ನಿಸಬೇಕು, ಹಲ್ಲಿಗೆ ಅನ್ನಿಸಬಾರದು. ಲೋಟ ತುಂಬಾ ಹೊಯ್ಯಬೇಡ, ಬಿಸಿಲಿಗೆ ಕಾಯುತ್ತೆ. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ."

"ಇದಕ್ಕೆ ಏನು ಕೊಡಲಿ ಚಿಕ್ಕತ್ತೆ?"

ಚಿಕ್ಕತ್ತೆ ಲೋಟಗಳನ್ನು ಒಂದರೊಳಗೊಂದು ಸೇರಿಸಿದಳು. "ದುಡ್ಡು ಬೇಡ. ಮುಯ್ಯಾಳು ಕೊಡಿ. ಚಳಿಗಾಲದಲ್ಲಿ ಬಳ್ಳಿಯ ಕಡ್ಡಿ ಕತ್ತರಿಸಿ ಸವರೋಕೆ ಒಂದಾಳು, ಒಂದು ದಿನ."

"ಅಷ್ಟೇನಾ? ನಾನೇ ಬರ್ತೀನಿ."

"ನಿನ್ನ ಕೈಯಿಂದ ಅಲ್ಲ. ಮುಯ್ಯಿ ಮನೆಯದು, ಮನೆ ಯಜಮಾನ ತೀರಿಸಬೇಕು. ಭಾವ ಬರಲಿ."

ಸೊಸೆಯ ಕೈಯಲ್ಲಿದ್ದ ಪೀಪಾಯಿಯ ಬಿರಡೆ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಇಳಿಜಾರಿನ ಹಣ್ಣೆಲ್ಲ ಕಣ್ಣ ಮುಂದೆ ಬಂದು ಹೋಯಿತು. "ಆಯ್ತು" ಎಂದಳು. ತನ್ನದಲ್ಲದ ಮಾತನ್ನು ಕೊಟ್ಟುಬಿಟ್ಟಿದ್ದಳು.

ಗಂಡ ಕೈಗಾಡಿ ತಂದ. ಯಾವ ಸಂಗತಿಗೂ "ಹೂಂ" ಎನ್ನುವವನು ಈ ಸಂಗತಿ ಕೇಳಿ, "ಅಪ್ಪ ಮರಳಿಗೆ ಇಳೀತಾನಾ?" ಎಂದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ. ಬಾಟಲಿಗಳನ್ನು ಗೋಣಿಯಲ್ಲಿ ಸುತ್ತಿ ತಂದು ತೊಟ್ಟಿಯ ಪಕ್ಕ ಇಡುವಾಗ ಮಾವ ಬಾಗಿಲಲ್ಲಿ ನಿಂತಿದ್ದ.

"ಇದೇನು?"

ಅವಳು ಏನನ್ನೂ ಮುಚ್ಚಿಡಲಿಲ್ಲ. ಯಾರ ವೈನ್, ಯಾವ ಪೀಪಾಯಿ, ಏನು ಮುಯ್ಯಿ, ಯಾರು ತೀರಿಸಬೇಕು, ಎಲ್ಲವನ್ನೂ ನೆಲ ನೋಡುತ್ತ ಹೇಳಿದಳು. ಮಾವನ ಕುತ್ತಿಗೆ ಕೆಂಪಾಯಿತು. "ನನ್ನನ್ನ ಕೇಳದೆ ನನ್ನ ಮೈನ ಅಡ ಇಟ್ಟು ಬಂದಿದೀಯ" ಎಂದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಹಾಗೆಂದು ಬಾಟಲಿಗಳನ್ನು ವಾಪಸ್ಸು ಕಳಿಸು ಎನ್ನಲಿಲ್ಲ.

ಮರುದಿನ ಕಾಳಿನ ಸಾರು ಒಲೆಗೇರಿದಾಗ ಬಾಟಲಿಗಳು ತೊಟ್ಟಿಗಿಳಿದವು. ಸಾರು ಕುದಿಯುವ ತನಕ ಅವಳು ಅಡುಗೆಮನೆಗೂ ತೊಟ್ಟಿಗೂ ಎಷ್ಟು ಸಲ ಓಡಾಡಿದಳೋ, ನೀರಿನೊಳಗಿಂದ ಆ ತೆಳುಗೆಂಪು ಒಂದೊಂದು ಸಲವೂ ಒಂದೊಂದು ಬಣ್ಣವಾಗಿ ಕಂಡಿತು. ಸಾರು ಇಳಿಸಿ, ಬಾಟಲಿ ತೆಗೆದು, ಒರೆಸಿ, ಕೆನ್ನೆಗೆ ಒತ್ತಿ ನೋಡಿದಳು. ತಂಪು ಇತ್ತು, ಕಚ್ಚುತ್ತಿರಲಿಲ್ಲ. ಒದ್ದೆ ಬಟ್ಟೆ ಸುತ್ತಿ ಬುಟ್ಟಿಯಲ್ಲಿಟ್ಟು ಇಳಿಜಾರು ಹತ್ತಿದಳು.

ಗಂಟಲಕ್ಕ ಲೋಟವನ್ನು ಎತ್ತಿ ಸೂರ್ಯನಿಗೆ ಹಿಡಿದಳು. "ಏನೇ ಇದು, ಆಚೆ ಗುಡ್ಡ ಕಾಣ್ತಿದೆ!" ಎಂದಳು. ಹೆದರುತ್ತ ತುಟಿಗೆ ತಂದಳು. ಮತ್ತೆ ಒಂದು ಗುಟುಕು. ಗಂಟಲಕ್ಕ ಸುಮ್ಮನಾದದ್ದನ್ನು ಕಂಡು ಉಳಿದವರೆಲ್ಲ ಲೋಟಕ್ಕೆ ಕೈ ಚಾಚಿದರು.

"ಮಾತು ನಿಂತೇ ಹೋಯ್ತಲ್ಲಪ್ಪ, ಔಷಧಿ ಇರಬೇಕು" ಎಂದ ಬುಟ್ಟಿ ಹೊರುವವನು.

"ಮುಚ್ಚೋ. ಒರತೆ ಪಕ್ಕ ಕೂತ ಹಾಗಿದೆ, ಕೂತಿರೋಕೆ ಬಿಡು" ಎಂದಳು ಗಂಟಲಕ್ಕ, ಅವಳಿಗೆ ಸಾಧ್ಯವಾದಷ್ಟು ಮೆಲ್ಲಗೆ.

ಸೊಸೆ ಸ್ವಲ್ಪ ಸ್ವಲ್ಪವೇ ಹೊಯ್ದಳು, ಮತ್ತೆ ಮತ್ತೆ ಹೊಯ್ದಳು. ಬೆವರಿದ ಕುತ್ತಿಗೆಗಳು ಆರಿದವು. ಬಳ್ಳಿಯ ನೆರಳಲ್ಲಿ ಒರಗಿದವರು ಮಲಗಲಿಲ್ಲ. ಅರೆಗಣ್ಣಲ್ಲಿ ಎಲೆಗಳ ನಡುವಿನ ಬೆಳಕು ನೋಡುತ್ತ, ಯಾವುದೋ ಹಳೆಯ ಪದವನ್ನು ಒಬ್ಬರು ಗುನುಗಿದರೆ ಇನ್ನೊಬ್ಬರು ಮುಂದುವರಿಸಿದರು. ಹಗಲೇ ಒಂದು ಮಂದ ನೀರಿನೊಳಗೆ ಇಳಿದಂತಿತ್ತು, ಎಲ್ಲರೂ ಅದರ ತಳದಲ್ಲಿ ಹಗುರಾಗಿ ಕೂತಿದ್ದರು. ಹಾಗೆಯೇ, ಯಾರೂ ಏಳಿ ಎನ್ನದೆ, ಒಂದು ಕತ್ತರಿ ಕಚಕ್ ಎಂದಿತು. ಆಮೇಲೆ ಇನ್ನೊಂದು.

ಸಾಲಿನ ತುದಿಯಲ್ಲಿ ಮಾವ ನಿಂತಿದ್ದ. ಸೊಸೆ ಅವನ ಬಳಿ ಲೋಟ ಒಯ್ದಳು. ಅವನು ಕೈ ಚಾಚಲಿಲ್ಲ. ಅವಳು ಅದನ್ನು ಬೇಲಿಗಲ್ಲಿನ ಮೇಲಿಟ್ಟು ಬಂದಳು. ತಿರುಗಿ ಬುಟ್ಟಿ ಒಯ್ಯಲು ಬಂದಾಗ ಲೋಟ ಖಾಲಿಯಿತ್ತು. ಕಣಜಗಳು ಕುಡಿದವೋ, ಚೆಲ್ಲಿತೋ, ಅವಳು ಕೇಳಲಿಲ್ಲ.

ಯಾರೂ ಸೇತುವೆ ದಾಟಲಿಲ್ಲ. ಇಳಿಜಾರಿನ ಕೊನೆಯ ಬುಟ್ಟಿ ಅಂಗಳಕ್ಕೆ ಬಂದ ಮೇಲೆ, ದ್ರಾಕ್ಷಿ ಹಿಂಡುವ ಗಾಣದ ಹಲಗೆ ತೊಳೆಯುತ್ತಿರುವಾಗ ಮಳೆ ಬಂತು. ಮಾವ ಚಾವಣಿಯಡಿ ನಿಂತು ಅಂಗೈ ಹೊರಗೆ ಚಾಚಿ ಒದ್ದೆ ಮಾಡಿಕೊಂಡ. "ಬಂತು" ಎಂದ. ಸೊಸೆಯ ಕಡೆ ನೋಡಿದ, ಒದ್ದೆ ಅಂಗೈಯಿಂದ ಮುಖ ಒರೆಸಿಕೊಂಡ.

ಎಲೆ ಉದುರಿತು. ಅತ್ತೆ ಬಾಣಂತನ ಮುಗಿಸಿ ಬಂದು, ನಡೆದದ್ದನ್ನೆಲ್ಲ ಕೇಳಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಮುಯ್ಯಿಯ ಸುದ್ದಿಯನ್ನು ಮಾತ್ರ ಮನೆಯಲ್ಲಿ ಯಾರೂ ಎತ್ತಲಿಲ್ಲ. ಮಾವ ತನ್ನ ಬಳ್ಳಿಗಳನ್ನೆಲ್ಲ ಸವರಿ ಮುಗಿಸಿದ. ತೋಪಿನಾಚೆ ಚಿಕ್ಕತ್ತೆಯ ಬಳ್ಳಿಗಳು ಕೆದರಿದ ತಲೆಯಂತೆ ಹಾಗೇ ಇದ್ದವು. ಸೊಸೆ ನೀರಿಗೆ ಹೋದಾಗಲೆಲ್ಲ ಅವುಗಳ ಕಡೆ ನೋಡದೆ ಬರುತ್ತಿದ್ದಳು.

ಮಂಜು ಕವಿದ ಒಂದು ಬೆಳಗ್ಗೆ ಕೊಟ್ಟಿಗೆಯ ಗೂಟದಲ್ಲಿ ಮಾವನ ಕತ್ತರಿ ಇರಲಿಲ್ಲ. ಅತ್ತೆ ಒಲೆ ಊದುತ್ತ, "ಬುತ್ತಿ ತಗೊಂಡು ಹೋಗು. ಎಲ್ಲಿಗೆ ಅಂತ ನನ್ನನ್ನ ಕೇಳಬೇಡ" ಎಂದಳು.

ಸೊಸೆ ತೋಪು ದಾಟಿದಳು. ಮಂಜಿನಲ್ಲಿ ಹೊಲ ಇರಲಿಲ್ಲ, ಬಳ್ಳಿ ಇರಲಿಲ್ಲ. ಕಚಕ್ ಎಂಬ ಸದ್ದು ಮಾತ್ರ ಇತ್ತು. ಸದ್ದಿನ ಹಿಂದೆ ಹೋದರೆ ಮಾವ ಮರಳಲ್ಲಿ ಕಾಲೂರಿ, ಬಳ್ಳಿಯನ್ನು ಎಡಗೈಯಲ್ಲಿ ಹಿಡಿದು, ಕಡ್ಡಿಗೆ ಎರಡೇ ಮೊಗ್ಗುಗಣ್ಣು ಉಳಿಸಿ ಕತ್ತರಿಸುತ್ತಿದ್ದ. ತನ್ನ ಹೊಲದಲ್ಲಿ ಸವರುವಾಗಿನ ಅದೇ ನಿಧಾನ, ಅದೇ ಓರೆ ಕಡಿತ. ಚಿಕ್ಕತ್ತೆ ಕತ್ತರಿಸಿ ಬಿದ್ದ ಕಡ್ಡಿಗಳನ್ನು ಕಟ್ಟು ಕಟ್ಟುತ್ತ ಹಿಂದೆ ಬರುತ್ತಿದ್ದಳು.

ಬುತ್ತಿ ಬಿಚ್ಚಿದಾಗ ಚಿಕ್ಕತ್ತೆ ಲೋಟ ತಂದಿಟ್ಟಳು. ಮಾವ ಒಂದು ಗುಟುಕು ಕುಡಿದ.

"ಇದೇನಮ್ಮ, ಹಲ್ಲು ಜುಮ್ಮನ್ನುತ್ತೆ."

"ನೆಲಮಾಳಿಗೆಯೇ ಹೆಪ್ಪುಗಟ್ಟಿದೆ ಭಾವ, ನಾನೇನು ಮಾಡಲಿ. ಅಂಗೈಯಲ್ಲಿ ಹಿಡ್ಕೊಂಡು ಕೂತ್ಕೊಳ್ಳಿ. ಬೆಚ್ಚಗಾದ್ರೆ ಲೋಟದಲ್ಲಿರೋ ಇವಳು ಮಾತಿಗೆ ಬರ್ತಾಳೆ."

ಅವನು ಎರಡೂ ಅಂಗೈ ನಡುವೆ ಲೋಟವನ್ನು ಹಿಡಿದುಕೊಂಡು, ಮಂಜಿನ ಕಡೆ ನೋಡುತ್ತ ಕೂತ. ಬಹಳ ಹೊತ್ತಿನ ಮೇಲೆ ಮೂಗಿನ ಹತ್ತಿರ ತಂದು ಉಸಿರೆಳೆದ. ನಿಧಾನವಾಗಿ ಕುಡಿದ. ಬರಿದಾದ ಲೋಟವನ್ನು ಅವನೇ ಚಿಕ್ಕತ್ತೆಯ ಕಡೆ ಸರಿಸಿದ, ಅವಳು ಇನ್ನೊಂದಿಷ್ಟು ಹೊಯ್ದಳು.

ಮಧ್ಯಾಹ್ನದ ಮೇಲೆ ಮಂಜು ಹರಿಯಿತು. ಸವರಿದ ಬಳ್ಳಿಗಳು ಸಾಲಾಗಿ, ಚೊಕ್ಕಟವಾಗಿ ನಿಂತಿದ್ದವು. ತುದಿಯಲ್ಲಿ ಒಂದು ಸಾಲು ಮಾತ್ರ ಉಳಿದಿತ್ತು. ಮಾವ ಕತ್ತರಿಯನ್ನು ತೊಡೆಯ ಮೇಲೆ ಒರೆಸಿ ಮಡಚಿದ.

"ಸಾಕು ಭಾವ, ಮುಯ್ಯಿ ತೀರಿತು" ಎಂದಳು ಚಿಕ್ಕತ್ತೆ. "ಆ ಸಾಲು ನಾನು ನೋಡ್ಕೊಳ್ತೀನಿ."

"ಎಲ್ಲಿ ತೀರಿತು? ಸಾಲು ಉಳಿದಿದೆಯಲ್ಲ. ಅದನ್ನ ಮುಟ್ಟಬೇಡ, ನಿಂಗೆ ಓರೆಯಾಗಿ ಕತ್ತರಿಸೋಕೆ ಬರಲ್ಲ." ಅವನು ಆಕಾಶ ನೋಡಿದ. "ಇವತ್ತಿಗೆ ಬೆಳಕು ಸಾಲದು."

ಸೊಸೆಯೂ ಆಕಾಶ ನೋಡಿದಳು. ಒಂದು ಸಾಲಿಗೆ ಬೇಕಾದ್ದಕ್ಕಿಂತ ಹೆಚ್ಚೇ ಬೆಳಕಿತ್ತು. ಅವಳು ಬುತ್ತಿಯ ಬಟ್ಟೆ ಮಡಚಿಕೊಂಡು, ಮರಳಿನಲ್ಲಿ ಮಾವನ ಹೆಜ್ಜೆಯ ಪಕ್ಕ ಹೆಜ್ಜೆ ಹಾಕುತ್ತ ಮನೆಯ ಕಡೆ ನಡೆದಳು.